ಮಿತವ್ಯಯವೂ ಪ್ರಸಾದಸುಖವೂ

ಸೈದಾಪುರದಿಂದ ಪಶ್ಚಿಮಕ್ಕೆ, ಭೀಮಾನದಿಯ ಆಚೆ, ಸುರಪುರ ಸೀಮೆಯಲ್ಲಿ ಮುದನೂರೆಂಬ ಗ್ರಾಮವುಂಟು. ಆದ್ಯ ವಚನಕಾರರೆಂದು ಪ್ರಸಿದ್ಧರಾದ ದಾಸಿಮಯ್ಯನವರ ಜನ್ಮಸ್ಥಳವದು. ನೇಯ್ಗೆಯ ಕಾಯಕದ ಆ ಶರಣರು ವಿವಾಹಯೋಗ್ಯರಾದಾಗ, ಮರಳು ಬೆರೆತ ಒಂದಿಷ್ಟು ಅಕ್ಕಿಯನ್ನೂ ಕೆಲವು ಕಬ್ಬಿನ ಜಲ್ಲೆಗಳನ್ನೂ ಹಿಡಿದು ಊರೂರು ಸಂಚರಿಸಿದರೆಂದು ಐತಿಹ್ಯವು ಹೇಳುತ್ತದೆ. ಬೇರೆ ನೀರನ್ನು ಬಳಸದೆ, ಬೇರೆ ಸೌದೆಯನ್ನು ಒಟ್ಟದೆ, ಇಷ್ಟರಲ್ಲಿಯೇ ಪಾಯಸವನ್ನು ಮಾಡಬಲ್ಲ ಕನ್ಯೆಯನ್ನು ವರಿಸುವುದು ಅವರ ಸಂಕಲ್ಪವಾಗಿತ್ತು. ಅನೇಕರು ನಕ್ಕರು. ಹುಚ್ಚನೆಂದವರೂ ಇದ್ದಿರಬೇಕು. ಶಿವಪುರದ ದುಗ್ಗಳೆಯೆಂಬ ಕನ್ಯೆ ಮಾತ್ರ ನಗಲಿಲ್ಲ. ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದಳು. ಕಬ್ಬನ್ನು ಹಿಂಡಿ ರಸವನ್ನು ತೆಗೆದಳು. ಹಿಂಡಿ ಉಳಿದ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿದಳು. ಆ ಸಿಪ್ಪೆಯೇ ಉರುವಲಾಯಿತು, ಆ ರಸವೇ ಎಸರಾಯಿತು. ಪಾಯಸ ಸಿದ್ಧವಾಯಿತು, ವಿವಾಹವೂ ನೆರವೇರಿತು.

ಪುರಾಣ ಪ್ರವಚನಗಳಲ್ಲಿ ಈ ಕಥೆಯನ್ನು ಕೇಳದ ಭಕ್ತರು ವಿರಳ. ಹೇಳುವವರು ಸಾಮಾನ್ಯವಾಗಿ ದುಗ್ಗಳೆಯ ಜಾಣ್ಮೆಯನ್ನು ಕೊಂಡಾಡಿ ಮುಂದಕ್ಕೆ ಹೋಗುತ್ತಾರೆ. ಆದರೆ ಇಲ್ಲಿ ನಿಂತು ನೋಡಬೇಕಾದ ಇನ್ನೊಂದು ಸೂಕ್ಷ್ಮವುಂಟು. ದಾಸಿಮಯ್ಯನವರು ಬೇಡಿದ್ದು ಗಂಜಿಯನ್ನಲ್ಲ, ಪಾಯಸವನ್ನು. ಕೇವಲ ಹೊಟ್ಟೆ ತುಂಬುವುದಷ್ಟೇ ಗುರಿಯಾಗಿದ್ದರೆ, ದೇಹದಂಡನೆಯೇ ಧರ್ಮವಾಗಿದ್ದರೆ, ಕಬ್ಬು ಏತಕ್ಕೆ ಬೇಕಾಗಿತ್ತು? ಇದ್ದುದರಲ್ಲಿ ಒಂದು ಕಣವನ್ನೂ ವ್ಯರ್ಥಮಾಡದ ಗೃಹಿಣಿಯ ಒಲೆಯ ಮೇಲೆ ಕೊನೆಗೆ ಬೆಂದದ್ದು ಸಿಹಿ. ಮಿತವ್ಯಯವೆಂದರೆ ಬಾಯಿ ಕಟ್ಟುವುದು, ಮನಸ್ಸನ್ನು ಒಣಗಿಸುವುದು ಎಂದು ಬಗೆಯುವವರು ಈ ಪಾಯಸವನ್ನು ಮರೆತಿದ್ದಾರೆ.

ಶರಣಧರ್ಮವು ಗೃಹಸ್ಥರ ಧರ್ಮ. ಅದು ಕಾಡಿಗೆ ಹೋಗೆಂದು ಹೇಳಲಿಲ್ಲ. ಸಂಸಾರದಲ್ಲಿದ್ದು, ಕಾಯಕ ಮಾಡಿ, ದಾಸೋಹ ನಡೆಸಿ, ಪ್ರಸಾದವನ್ನು ಸೇವಿಸೆಂದು ಹೇಳಿತು. ಸಂಸಾರವೆಂದ ಮೇಲೆ ಆಯವೂ ಇದೆ, ವ್ಯಯವೂ ಇದೆ. ಬಸವಣ್ಣನವರು ಬಿಜ್ಜಳನಲ್ಲಿ ಮೊದಲು ಕರಣಿಕರಾಗಿದ್ದು ಬಳಿಕ ಭಂಡಾರದ ಅಧಿಕಾರಕ್ಕೆ ಏರಿದವರು. ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನ ಕಿವಿಯಲ್ಲಿ ಊದಿದಾಗ, ಲೆಕ್ಕವನ್ನು ನೋಡಲಾಗಿ ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಭಕ್ತಿ ಎಷ್ಟೇ ಉಕ್ಕಿ ಹರಿಯಲಿ, ಲೆಕ್ಕದ ಕಟ್ಟೆ ಒಡೆಯಲಿಲ್ಲ. ಭಕ್ತಿಭಂಡಾರಿಯೆಂಬ ಬಿರುದಿನಲ್ಲಿ ಭಕ್ತಿಯೂ ಇದೆ, ಭಂಡಾರವೂ ಇದೆ.

ಇನ್ನು ಸೈದಾಪುರದ ಕಡೆಗೆ ನೋಡುವುದು ಯುಕ್ತ. ವಾಡಿಯಿಂದ ರಾಯಚೂರಿಗೆ ಹೋಗುವ ರೈಲುಮಾರ್ಗದ ಮೇಲೆ ಯಾದಗಿರಿಯನ್ನು ದಾಟಿದ ಮೇಲೆ ಬರುವ ಊರಿದು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡಿತು. ಅಂದಿನಿಂದ ಈ ಭಾಗದ ಬೆಳೆ ದೂರದ ಪೇಟೆಗಳಿಗೆ ಹೋಗುತ್ತ, ಅಲ್ಲಿಯ ದುಡ್ಡು ಇಲ್ಲಿಗೆ ಬರುತ್ತ ಇದೆ. ಸುತ್ತಲಿನ ಹೊಲಗಳಲ್ಲಿ ಹತ್ತಿ, ತೊಗರಿ, ಜೋಳ. ಬಹುಭಾಗ ಮಳೆಯನ್ನೇ ನಂಬಿದ ಬೇಸಾಯ. ಸಂಬಳದ ಮನೆಗಳಿಗೆ ಪ್ರತಿ ತಿಂಗಳೂ ಹಣ ಬರುತ್ತದೆ. ಒಕ್ಕಲುಮನೆಗೆ ಹತ್ತಿ ಬಿಡಿಸಿದಾಗ ಒಮ್ಮೆ, ತೊಗರಿ ರಾಶಿಯಾದಾಗ ಇನ್ನೊಮ್ಮೆ. ಜಮೆಯ ದಿನಗಳು ವರ್ಷಕ್ಕೆ ಎರಡು ಮೂರು, ಖರ್ಚಿನ ದಿನಗಳು ಮುನ್ನೂರ ಅರವತ್ತೈದು. ಎಲ್ಲ ತೊಡಕಿನ ಬೇರು ಇಲ್ಲಿದೆ. ಚೀಲ ತುಂಬಿ ಹಣ ಬಂದ ವಾರದಲ್ಲಿ ಮನುಷ್ಯನು ತನ್ನನ್ನು ಶ್ರೀಮಂತನೆಂದು ಭಾವಿಸುತ್ತಾನೆ. ಕಾರಹುಣ್ಣಿಮೆಯ ಹೊತ್ತಿಗೆ ಬೀಜಕ್ಕೂ ಗೊಬ್ಬರಕ್ಕೂ ಇನ್ನೊಬ್ಬರ ಕಟ್ಟೆಯ ಮೇಲೆ ಕುಳಿತಿರುತ್ತಾನೆ.

ಅಡತಿ ಅಂಗಡಿಯ ವರ್ತಕನು ದೀಪಾವಳಿಯ ದಿನ ಹೊಸ ಕಿರ್ದಿಗೆ ಕುಂಕುಮ ಹಚ್ಚಿ, ವಿಭೂತಿ ಧರಿಸಿ, ಪೂಜೆ ಮಾಡುತ್ತಾನೆ. ದಿನದ ಜಮಾಖರ್ಚು ಕಿರ್ದಿಯಲ್ಲಿ, ಆಳುಗಳ ಬಾಕಿ ಖಾತಾವಣಿಯಲ್ಲಿ. ಆತನಿಗೆ ಮಾಲು ತಂದುಕೊಡುವ ಒಕ್ಕಲಿಗನ ಮನೆಯಲ್ಲಿ ಅಂತಹ ಪುಸ್ತಕವಿಲ್ಲ. ತಾನು ಎಷ್ಟು ತಂದೆ, ಎಷ್ಟು ಒಯ್ದೆ, ಎಷ್ಟು ಉಳಿಯಿತೆಂಬುದನ್ನು ಅವನು ವರ್ತಕನನ್ನೇ ಕೇಳಿ ತಿಳಿಯಬೇಕು. ಒಬ್ಬನ ಬದುಕಿನ ಲೆಕ್ಕವು ಇನ್ನೊಬ್ಬನ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿನ ಪರಾಧೀನತೆ ಯಾವುದು? ವರ್ತಕನು ಪ್ರಾಮಾಣಿಕನಾಗಿದ್ದರೂ ಇದು ಪರಾಧೀನತೆಯೇ.

ಸೈದಾಪುರದ ಮುದುಕರ ನೆನಪಿನಲ್ಲಿ ಹಾಲಿ ರೂಪಾಯಿಯ ಮಾತು ಇನ್ನೂ ಅಲ್ಲಲ್ಲಿ ಉಳಿದಿದೆ. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮನ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನಕ್ಕೆ ಅದರದೇ ಹಾಲಿ ಸಿಕ್ಕಾ ನಾಣ್ಯವಿತ್ತು. ಏಳು ಹಾಲಿ ರೂಪಾಯಿಗಳಿಗೆ ಆರು ಕಲ್ದಾರ್ ರೂಪಾಯಿಗಳು ಸಮ. ರೈಲು ಹತ್ತಿ ತುಂಗಭದ್ರೆಯ ಆಚೆಗೆ ಹೋಗುವವನು ನಾಣ್ಯವನ್ನು ಬದಲಿಸಿಕೊಳ್ಳಬೇಕಾಗಿತ್ತು. ಬಸವಣ್ಣನವರು ಈ ಲೋಕವನ್ನು ನಾಣ್ಯವನ್ನು ಅಚ್ಚೊತ್ತುವ ಕಮ್ಮಟಕ್ಕೆ ಹೋಲಿಸಿ, ಇಲ್ಲಿ ಸರಿಯಾಗಿ ಚಲಾವಣೆಯಾಗದವನು ದೇವರ ಸನ್ನಿಧಿಯಲ್ಲಿಯೂ ಚಲಾವಣೆಯಾಗಲಾರನೆಂಬ ಅಭಿಪ್ರಾಯವನ್ನು ಬೋಧಿಸಿದ್ದಾರೆ. ಗಡಿಯಲ್ಲಿ ನಿಂತು ಬಟ್ಟಾ ಕೊಟ್ಟು ನಾಣ್ಯ ಬದಲಿಸಿದ ಅನುಭವವಿದ್ದ ಹಿರಿಯರಿಗೆ ಈ ಉಪದೇಶವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಮನೆಯ ಸಾಲದಲ್ಲಿ ಮುಳುಗಿ, ಮಾತಿಗೆ ತಪ್ಪಿ, ಮಡದಿಯ ಮುಂದೆ ಸುಳ್ಳು ಹೇಳಿ ಮಠಕ್ಕೆ ಬಂದು ದೀರ್ಘದಂಡ ನಮಸ್ಕಾರ ಹಾಕುವವನ ಭಕ್ತಿಯು ಯಾವ ಸೀಮೆಯ ನಾಣ್ಯವೆಂದು ಅವರಿಗೆ ಗೊತ್ತಿತ್ತು.

ಇಲ್ಲಿ ಕೆಲವು ಭಕ್ತರು ಒಂದು ಆಕ್ಷೇಪವನ್ನು ಎತ್ತುವುದುಂಟು. ಅದು ಅಲ್ಲಗಳೆಯುವಂಥದಲ್ಲ. ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಅವರು ಮುಂದಿಡುತ್ತಾರೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳಿಗೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ. ಒಂದು ದಿನ ಅನುಭವಗೋಷ್ಠಿಯಲ್ಲಿ ಮೈಮರೆತ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರಿದುದನ್ನು ಲಕ್ಕಮ್ಮನವರೇ ನೆನಪಿಸಿದರು. ಅವರು ಅವಸರದಿಂದ ಹೋಗಿ ತಂದ ಅಕ್ಕಿ ಎಂದಿಗಿಂತ ಹೆಚ್ಚಾಗಿತ್ತು. ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಕಥನ. ಕಂಡ ಕೂಡಲೆ ಲಕ್ಕಮ್ಮನವರು ತಡೆದರು. ಇಷ್ಟೊಂದು ಏಕೆ ಬಂದಿತು, ದುರಾಸೆ ಆಳುವವರ ಮನೆಗೆ ಇರಲಿ, ದುಡಿದು ಉಣ್ಣುವವರಿಗೆ ಬೇಡ, ಎಂದಿನಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ತಿರುಗಿ ಕಳುಹಿಸಿದರು. ಹೀಗಿರುವಾಗ ಉಳಿತಾಯವೆಂಬುದು ಶರಣಧರ್ಮಕ್ಕೆ ವಿರುದ್ಧವಲ್ಲವೇ, ನಾಳೆಗೆಂದು ಕೂಡಿಡುವುದು ಅವಿಶ್ವಾಸವಲ್ಲವೇ, ಎಂಬುದು ಪ್ರಶ್ನೆ.

ಉತ್ತರವು ಆ ಚರಿತ್ರೆಯಲ್ಲಿಯೇ ಇದೆ. ಹೆಚ್ಚಾಗಿದೆಯೆಂದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ಪ್ರತಿನಿತ್ಯ ಎಷ್ಟು ಬರುತ್ತದೆ, ಎಷ್ಟು ಬೇಯುತ್ತದೆ, ಎಷ್ಟು ಜನ ಉಣ್ಣುತ್ತಾರೆ ಎಂಬ ಅಳತೆ ಕೈಯಲ್ಲಿದ್ದುದರಿಂದ. ಅಳತೆಯಿಲ್ಲದ ಮನೆಯಲ್ಲಿ ಎರಡು ಸೇರು ಹೆಚ್ಚಾಗಿ ಬಂದರೂ ತಿಳಿಯುವುದಿಲ್ಲ, ಎರಡು ಸೇರು ಸೋರಿಹೋದರೂ ತಿಳಿಯುವುದಿಲ್ಲ. ಅವರು ಹಿಂದಕ್ಕೆ ಕಳುಹಿಸಿದ್ದು ಕಾಯಕದಿಂದ ಬಂದುದನ್ನಲ್ಲ. ಕಾಯಕಕ್ಕೆ ಮೀರಿ ಇನ್ನೊಬ್ಬರ ಔದಾರ್ಯದಿಂದ ಬಂದುದನ್ನು. ನುಲಿಯ ಚಂದಯ್ಯನವರ ಪ್ರಸಂಗವೂ ಇದೇ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನ ಹೊನ್ನು ಬಂದಾಗ ಅವರು ಒಪ್ಪಲಿಲ್ಲ. ಆದರೆ ತಾನು ದುಡಿದದ್ದು ಹರಿದ ಚೀಲದಿಂದ ಸೋರಿಹೋಗದಂತೆ ಹೊಲಿಯುವುದು ಇದಾವುದಕ್ಕೂ ವಿರುದ್ಧವಲ್ಲ. ವರ್ಷದ ಕಾಳು ಒಂದೇ ಸಲ ಬರುವ ನಾಡಿನಲ್ಲಿ ಹಗೇವಿನಲ್ಲಿ ಜೋಳ ತುಂಬಿಡುವುದನ್ನು ಯಾವ ಶರಣರೂ ಲೋಭವೆಂದು ಕರೆಯಲಾರರು. ನೆರೆಮನೆಯವನು ಹಸಿದಿರುವಾಗ ಬೆಲೆ ಏರಲೆಂದು ಅದೇ ಹಗೇವನ್ನು ಮುಚ್ಚಿಡುವುದು ಮಾತ್ರ ಲೋಭ. ಹಗೇವು ಒಂದೇ, ಅದರ ಬಾಯಿ ಯಾವಾಗ ತೆರೆಯುತ್ತದೆಂಬುದರಲ್ಲಿದೆ ಭೇದ.

ಇನ್ನೊಂದು ಮಾತನ್ನೂ ಗಮನಿಸಬೇಕು. ಲೆಕ್ಕವನ್ನು ಇಟ್ಟವರು ಲಕ್ಕಮ್ಮನವರು, ದುಗ್ಗಳೆಯವರು. ಶರಣರ ಮನೆಗಳಲ್ಲಿ ಅಳತೆಯ ಸೇರು ಹೆಂಡತಿಯ ಕೈಯಲ್ಲಿತ್ತು, ಗಂಡನನ್ನು ಪ್ರಶ್ನಿಸುವ ಅಧಿಕಾರವೂ ಆಕೆಗಿತ್ತು. ಇಂದು ಎಷ್ಟೋ ಸದ್ಗೃಹಸ್ಥರು ಮಾಡಿದ ಕೈಸಾಲವು ಮಡದಿಗೆ ತಿಳಿಯುವುದು ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತ ದಿನ.

ಪ್ರಸಾದವೆಂಬ ತತ್ತ್ವವನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ಅವಶ್ಯ. ಷಟ್‌ಸ್ಥಲಗಳಲ್ಲಿ ಭಕ್ತ, ಮಾಹೇಶ್ವರದ ನಂತರ ಬರುವುದು ಪ್ರಸಾದಿಸ್ಥಲ. ರುಚಿ, ರೂಪು, ಗಂಧ, ಶಬ್ದ, ಸ್ಪರ್ಶ ಇವಾವುದನ್ನೂ ಶರಣರು ಹೊಲಸೆಂದು ಹೊರಕ್ಕೆಸೆಯಲಿಲ್ಲ. ಮೊದಲು ಲಿಂಗಕ್ಕೆ ಅರ್ಪಿಸಿ, ಬಳಿಕ ಪ್ರಸಾದವೆಂದು ಸ್ವೀಕರಿಸೆಂದರು. ಆದುದರಿಂದ ಸುಖವು ವೀರಶೈವ ಗೃಹಸ್ಥನಿಗೆ ನಿಷಿದ್ಧವಲ್ಲ. ಮಾವಿನ ಹಣ್ಣಿನ ಸವಿ, ಮಗಳು ನುಡಿಸುವ ಹಾರ್ಮೋನಿಯಮ್ಮಿನ ನಾದ, ಎಳ್ಳ ಅಮಾವಾಸ್ಯೆಯ ದಿನ ಬಂಧುಬಳಗದೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿಗಳನ್ನು ಹಂಚಿಕೊಂಡು ಉಣ್ಣುವ ಉಲ್ಲಾಸ, ಇವೆಲ್ಲವೂ ಅರ್ಪಿತಕ್ಕೆ ಯೋಗ್ಯ. ಆದರೆ ಪರರ ವಸ್ತುವನ್ನು ಅರ್ಪಿಸಲು ಬರುವುದಿಲ್ಲ. ಮೂರು ರೂಪಾಯಿ ಬಡ್ಡಿಗೆ ತಂದ ಹಣದಲ್ಲಿ ಮಾಡಿದ ಮದುವೆಯ ಹೋಳಿಗೆ ಯಾರದು? ಅದು ಇನ್ನೂ ಸಾಲ ಕೊಟ್ಟವನದು. ಹಾಗೆಯೇ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಗುಟಕಾದ ಚೀಟಿಯನ್ನು ಅದರ ಮುಂದೆ ಹಿಡಿದು ಅರ್ಪಿತವೆನ್ನಲು ಯಾರ ನಾಲಗೆ ಏಳುತ್ತದೆ? ಯಾವ ಖರ್ಚು ಸಾರ್ಥಕ, ಯಾವುದು ವ್ಯರ್ಥ ಎಂದು ತೂಗಲು ಗೃಹಸ್ಥನು ಬೇರೆ ತಕ್ಕಡಿಯನ್ನು ಹುಡುಕಬೇಕಾಗಿಲ್ಲ.

ತತ್ತ್ವವನ್ನು ಇಷ್ಟಕ್ಕೆ ನಿಲ್ಲಿಸಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸೈದಾಪುರದಲ್ಲಿ ಸ್ಟೇಷನ್ನಿಗೆ ಸಮೀಪದ ಓಣಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು, ಎಪ್ಪತ್ತು ದಾಟಿದ ತಾಯಿ. ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಮೂವತ್ತು ಸಾವಿರ ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಾಯಿಗೆ ಜೀವಮಾನದಲ್ಲಿ ಇದ್ದುದು ಒಂದೇ ಆಸೆ: ಶ್ರೀಶೈಲದ ಮಲ್ಲಯ್ಯನ ದರ್ಶನ. ಪ್ರತಿವರ್ಷ ಯುಗಾದಿಯ ಮುಂಚೆ ಕಂಬಿ ಹೊತ್ತು, ನಲ್ಲಮಲದ ಕಾಡು ದಾಟಿ ನಡೆದುಹೋಗುವ ಭಕ್ತರ ಗುಂಪು ಆಕೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಹರೆಯದಲ್ಲಿ ಸಂಸಾರ ಬಿಡಲಿಲ್ಲ, ಈಗ ಕಾಲು ಬಿಡವು.

“ಈ ಸಲ ಹತ್ತಿ ಬರಲಿ ಅವ್ವಾ, ಬಸ್ಸಿನ್ಯಾಗ ಕರ್ಕೊಂಡು ಹೋಗ್ತೀನಿ” ಎಂದು ಮಗ ಪ್ರತಿ ಯುಗಾದಿಗೆ ಹೇಳುತ್ತಿದ್ದ.

“ಹತ್ತಿ ವರ್ಷಾ ಬರ್ತದ ಯಪ್ಪಾ. ಶ್ರೀಶೈಲ ಬರಲಿಲ್ಲ” ಎಂದಳು ಒಂದು ಸಲ ತಾಯಿ. ಸಿಟ್ಟಿನಿಂದಲ್ಲ; ಸುಮ್ಮನೆ ಹೇಳಿದಳು.

ಆ ಮಾತು ಸೊಸೆಯ ಮನಸ್ಸಿಗೆ ನಾಟಿತು. ಆಕೆ ಮಗನ ಹಳೆಯ ನೋಟುಪುಸ್ತಕದಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಹೊಲಿದು, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಮನೆಯಿಂದ ಹೊರಬಿದ್ದ ಪ್ರತಿಯೊಂದು ರೂಪಾಯಿಯನ್ನೂ ಬರೆದಳು. ಏನನ್ನೂ ನಿಲ್ಲಿಸಲಿಲ್ಲ, ಯಾರನ್ನೂ ಗದರಿಸಲಿಲ್ಲ. ಗಂಡನನ್ನು ರಾತ್ರಿ ಊಟದ ಬಳಿಕ ಕೇಳುವಳು: “ಇವತ್ತು ಹೊರಗ ಏನೇನು ಆತ್ರೀ?” ಮೊದಲ ನಾಲ್ಕು ದಿನ ಆತನಿಗೆ ಇರಿಸುಮುರಿಸಾಯಿತು. ಐದನೆಯ ದಿನ ತಾನಾಗಿಯೇ ಹೇಳತೊಡಗಿದ.

ತಿಂಗಳು ತುಂಬಿದಾಗ ಕಂಡ ಚಿತ್ರವಿದು. ಸ್ಟೇಷನ್ನಿನ ಬಳಿಯ ಚಹಾ, ಗುಟಕಾ, ಬೀಡಿಗಳಿಗೆ ದಿನಕ್ಕೆ ಸುಮಾರು ನಲವತ್ತು ರೂಪಾಯಿ, ತಿಂಗಳಿಗೆ 1,200. ಕೈಸಾಲದ ಬಡ್ಡಿ 900. ಗೃಹಲಕ್ಷ್ಮಿಯೆಂದು ಸರಕಾರದಿಂದ ಸೊಸೆಯ ಖಾತೆಗೆ ಬರುವ 2,000, ಎಲ್ಲಿ ಹೋಯಿತೆಂದು ಹೇಳಲಾಗದಂತೆ ಹತ್ತಾರು ಸಣ್ಣ ಹೊಳೆಗಳಾಗಿ ಹರಿದುಹೋಗಿತ್ತು. ಉದ್ರಿಯಲ್ಲಿ ತಂದ ಕಿರಾಣಿ ಸಾಮಾನಿಗೆ ನಗದಿನ ದರಕ್ಕಿಂತ ಹೆಚ್ಚು ಬಿದ್ದಿತ್ತು. ಗಂಡ ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಬಡ್ಡಿಯ ಸಾಲನ್ನು ಬೆರಳಿನಿಂದ ಮುಟ್ಟಿ, ವರ್ಷಕ್ಕೆ ಎಷ್ಟಾಯಿತೆಂದು ಕೇಳಿದ. 10,800. ಅಸಲಿನಲ್ಲಿ ಒಂದು ಕಾಸೂ ತೀರದೆ, ಮೂರು ವರ್ಷಗಳಿಂದ ಅಷ್ಟೂ ಹಣ ಬೂದಿಯಾಗಿತ್ತು. ಶ್ರೀಶೈಲ ಬಾರದಿದ್ದುದು ಹತ್ತಿಯ ದೋಷವಾಗಿರಲಿಲ್ಲ.

ಬಳಿಕ ಮಾಡಿದ ವ್ಯವಸ್ಥೆಯಲ್ಲಿ ಅದ್ಭುತವೇನೂ ಇಲ್ಲ. ಗುಟಕಾ, ಬೀಡಿಗಳು ನಿಂತವು. ಸಂಜೆಯ ಒಂದು ಚಹಾ ಉಳಿಯಿತು. ನಾಲ್ಕು ಜನ ಗೆಳೆಯರೊಡನೆ ಕುಳಿತು ಕುಡಿಯುವ ಆ ಚಹಾದಲ್ಲಿ ಸುಖವಿದೆಯೆಂದು ಹೆಂಡತಿಯೇ ಅದನ್ನು ಬಿಡಿಸಲಿಲ್ಲ. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ದೂರ ಇಷ್ಟೇ, ಆದರೆ ಇದು ಬಹಳ ದೂರ. ಹೀಗೆ ತಿಂಗಳಿಗೆ 600 ಉಳಿಯಿತು. ಗೃಹಲಕ್ಷ್ಮಿಯಲ್ಲಿ 1,000ವನ್ನು ಬಂದ ದಿನವೇ ಬೇರೆ ತೆಗೆದಿಟ್ಟರು. ಈ 1,600 ಅಸಲಿಗೆ. ಹನ್ನೆರಡು ತಿಂಗಳಿಗೆ 19,200. ಅಸಲು ಇಳಿದಂತೆ ಬಡ್ಡಿಯೂ ಇಳಿಯಿತು. ಉಳಿದ 10,800ನ್ನು ಹತ್ತಿಯ ಹಣ ಬಂದ ವಾರದಲ್ಲಿಯೇ, ಬಟ್ಟೆಯ ಅಂಗಡಿಗೆ ಹೋಗುವುದಕ್ಕೆ ಮುಂಚೆ, ಕೊಟ್ಟು ಚೀಟಿಯನ್ನು ಹರಿಸಿದರು. ಒಂದು ವರ್ಷದ ಬಡ್ಡಿಯಾಗಿ ಹೋಗುತ್ತಿದ್ದ ಮೊತ್ತವೇ ಕಡೆಯ ಕಂತಾಗಿ ಸಾಲವನ್ನು ಮುಗಿಸಿತು.

ಎರಡನೆಯ ವರ್ಷ ಆ ಮನೆಗೆ ತಿಂಗಳಿಗೆ 2,500 ಸ್ವತಂತ್ರವಾಯಿತು: ಮೊದಲಿನ 1,600, ಬಡ್ಡಿಗೆ ಹೋಗುತ್ತಿದ್ದ 900. ಮಳೆಯ ಮೇಲೆ ನಿಂತ ಮನೆಯಾದುದರಿಂದ 1,200ನ್ನು ಆಪತ್ತಿಗೆಂದು ಬ್ಯಾಂಕಿನಲ್ಲಿಟ್ಟರು. ಮಕ್ಕಳ ವಿದ್ಯೆಗೆ 600. ದಾಸೋಹಕ್ಕೆ 200, ದಿನಕ್ಕೊಂದು ಹಿಡಿ ಜೋಳ ಬೇರೆ. ಮಿಕ್ಕ 500ಕ್ಕೆ ಸೊಸೆ ಪುಸ್ತಕದಲ್ಲಿ ಒಂದು ಹೊಸ ಬಾಬನ್ನು ತೆರೆದು ‘ಸಂತೋಷ’ ಎಂದು ಬರೆದಳು. ಗಂಡ ನಕ್ಕನು. ಸಂತೋಷಕ್ಕೂ ಲೆಕ್ಕವೇ ಎಂದನು.

ನಗುವ ಮಾತಲ್ಲ. ಬಹುಜನರು ಸುಖಕ್ಕೆಂದು ಏನನ್ನೂ ಇಡುವುದಿಲ್ಲ. ಎಲ್ಲ ಖರ್ಚು ಮುಗಿದು ಉಳಿದರೆ ನೋಡೋಣವೆನ್ನುತ್ತಾರೆ. ಉಳಿಯುವುದಿಲ್ಲ. ಆಗ ಮನಸ್ಸು ಬಾಯಾರಿ, ಸಿಕ್ಕಿದ ಕಡೆ ಬಾಯಿಡುತ್ತದೆ: ಸಂತೆಯಲ್ಲಿ ಬೇಡದ ವಸ್ತು, ಮೊಬೈಲಿನಲ್ಲಿ ಕಂಡ ಕಂತಿನ ಸಾಮಾನು, ಜಿದ್ದಿಗೆ ಬಿದ್ದು ಮಾಡಿದ ಔತಣ. ಜಂಗಮನಿಗೆ ಮೀಸಲು ತೆಗೆದಿಡುವ ಮನೆಯಲ್ಲಿ ಜಂಗಮನು ಬಂದಾಗ ಗಾಬರಿಯಿಲ್ಲ. ಸಂತೋಷಕ್ಕೂ ಹಾಗೆಯೇ ಮೀಸಲು ತೆಗೆದಿಟ್ಟರೆ ಅದು ಬಂದಾಗ ಗಾಬರಿಯಿಲ್ಲ, ಅಂಜಿಕೆಯಿಲ್ಲ, ಹೋದ ಮೇಲೆ ಪಶ್ಚಾತ್ತಾಪವೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡುವುದು ಧರ್ಮವಲ್ಲ. ಎಲ್ಲ ಬಡತನವೂ ನಲವತ್ತು ರೂಪಾಯಿಯ ಚಹಾ ಗುಟಕಾಗಳಿಂದ ಬಂದದ್ದಲ್ಲ. ತೊಗರಿಯ ಬೆಲೆ ಬಿದ್ದರೆ, ಮಳೆ ಕೈಕೊಟ್ಟರೆ, ಮನೆಯ ಯಜಮಾನನು ಹಾಸಿಗೆ ಹಿಡಿದರೆ ಯಾವ ಪುಸ್ತಕವೂ ಕಾಪಾಡುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಕುಟುಂಬಗಳು ಬೇಸಿಗೆಯಲ್ಲಿ ಬಾಗಿಲಿಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಆಯವೇ ಇಲ್ಲದವನ ಮುಂದೆ ನಿಂತು ವ್ಯಯದ ಬಗ್ಗೆ ಉಪದೇಶಿಸುವುದು ನಿರ್ದಯತೆ. ಅಲ್ಲಿ ಉಪದೇಶಕ್ಕಿಂತ ಮುಂಚೆ ದಾಸೋಹ ಸಲ್ಲಬೇಕು. ಸಾಲವನ್ನು ಕೂಡ ಒಬ್ಬೊಬ್ಬರೇ ಗೆಲ್ಲಲಾರರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಸಹಕಾರ ಸಂಘವನ್ನು ಕಟ್ಟಿದ್ದು ಈ ಅರಿವಿನಿಂದಲೇ. 2000ದ ಸುಮಾರಿಗೆ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ಹೆಣ್ಣುಮಕ್ಕಳು ವಾರವಾರ ಹತ್ತಿಪ್ಪತ್ತು ರೂಪಾಯಿ ಕೂಡಿಸಿದ್ದೂ ಇದೇ ದಾರಿ. ಇನ್ನೊಂದು ಕಡೆಗೆ, ಸುಲಭ ಸಾಲವೆಂದು ಮನೆಮನೆಗೆ ಬಂದು ಬಳಿಕ ಬಾಗಿಲಲ್ಲಿ ಕುಳಿತು ಕಾಡುವವರ ಹಾವಳಿ ಎಷ್ಟಾಯಿತೆಂದರೆ, 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲದ ಹಣದಿಂದ ಸಾಲವನ್ನು ತೀರಿಸುವ ಮನೆಗೆ ಸುಗ್ರೀವಾಜ್ಞೆಯು ಸ್ವಲ್ಪ ಉಸಿರನ್ನು ಕೊಟ್ಟೀತು, ಅಷ್ಟೇ.

2024ರಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ಒಬ್ಬ ಅಜ್ಜಿ ತನಗೆ ಬಂದ ಗೃಹಲಕ್ಷ್ಮಿಯ ಹಣವನ್ನು ಕೂಡಿಟ್ಟು, ಊರಿನವರನ್ನು ಕರೆದು ಹೋಳಿಗೆಯ ಊಟ ಹಾಕಿಸಿದಳು. ಆ ಹಣದಲ್ಲಿ ಆಕೆ ತನಗಾಗಿ ಏನು ಬೇಕಾದರೂ ಕೊಳ್ಳಬಹುದಾಗಿತ್ತು. ಆಕೆಗೆ ಪ್ರಿಯವಾದದ್ದು ಪಂಕ್ತಿಯಲ್ಲಿ ಕುಳಿತವರ ಎಲೆಗೆ ಹೋಳಿಗೆ ಬೀಳುವುದನ್ನು ನೋಡುವುದು. ಕೆಲವರು ಇದನ್ನು ದುಂದು ಎಂದು ಟೀಕಿಸಿರಬಹುದು. ಯಾರಿಂದಲೂ ಸಾಲ ತರದೆ, ಯಾರಿಗೂ ಬಾಕಿಯಿಡದೆ, ತನ್ನ ಪಾಲಿಗೆ ಬಂದುದನ್ನು ತನ್ನ ಮನಸ್ಸಿಗೆ ಒಪ್ಪಿದಂತೆ ಹಂಚಿಕೊಂಡವಳನ್ನು ದುಂದುಗಾರಳೆನ್ನುವುದು ಹೇಗೆ? ಕಲ್ಯಾಣದಲ್ಲಿ ಆಯ್ದ ಅಕ್ಕಿಯಿಂದ ಅಸಂಖ್ಯಾತರಿಗೆ ಉಣಬಡಿಸಿದ ಲಕ್ಕಮ್ಮನವರ ಪಂಕ್ತಿಗೂ ಈ ಅಜ್ಜಿಯ ಪಂಕ್ತಿಗೂ ನಡುವೆ ಎಂಟುನೂರು ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ. ಬೇರೆ ಅಂತರವೇನೂ ಕಾಣುವುದಿಲ್ಲ.

ಸೈದಾಪುರದ ಆ ಮನೆಯ ಮಾತು ಇನ್ನೂ ಸ್ವಲ್ಪ ಉಳಿದಿದೆ. ಸಂತೋಷದ ಬಾಬಿನಲ್ಲಿ ಹತ್ತು ತಿಂಗಳಿಗೆ 5,000 ಕೂಡಿತು. ಯುಗಾದಿಯ ಜನಜಂಗುಳಿ ಬೇಡವೆಂದು, ಅದಕ್ಕಿಂತ ಮುಂಚೆಯೇ ಒಂದು ಸೋಮವಾರವನ್ನು ಗೊತ್ತುಮಾಡಿಕೊಂಡು, ಮಗನೂ ತಾಯಿಯೂ ಸೊಸೆಯೂ ಹೊರಟರು. ಹೆಣ್ಣುಮಕ್ಕಳಿಗೆ ರಾಜ್ಯದ ಗಡಿಯೊಳಗೆ ಸರಕಾರಿ ಬಸ್ಸಿನ ಚೀಟಿಗೆ ಹಣವಿಲ್ಲ. ಅಲ್ಲಿಂದ ಮುಂದಕ್ಕೆ ಆಂಧ್ರದ ಬಸ್ಸು. ನಲ್ಲಮಲದ ಬೆಟ್ಟಗಳನ್ನು ಬಸ್ಸು ಏರುವಾಗ ಮುದುಕಿ ಕಿಟಕಿಯ ಸರಳನ್ನು ಹಿಡಿದುಕೊಂಡು, ಕಂಬಿಯವರು ನಡೆದುಹೋಗುವ ಕಾಲುದಾರಿ ಎಲ್ಲಿಯಾದರೂ ಕಾಣುವುದೋ ಎಂದು ಹುಡುಕುತ್ತಿದ್ದಳು. ಮಲ್ಲಿಕಾರ್ಜುನನ ದರ್ಶನವಾಯಿತು. ಅಕ್ಕಮಹಾದೇವಿಯವರು ಕೊನೆಯ ದಿನಗಳನ್ನು ಕಳೆದ ಕದಳಿಯ ದಿಕ್ಕನ್ನು ಯಾರೋ ಕೈಮಾಡಿ ತೋರಿಸಿದರು. ಮುದುಕಿ ಆ ಕಡೆಗೆ ತಿರುಗಿ ಬಹಳ ಹೊತ್ತು ನಿಂತಳು.

ಊರಿಗೆ ಮರಳಿದ ರಾತ್ರಿ ಸೊಸೆ ಪುಸ್ತಕವನ್ನು ತೆಗೆದು, ಬಸ್ಸಿನ ಚೀಟಿ, ವಸತಿ, ಹಣ್ಣುಕಾಯಿ, ವಿಭೂತಿಗಟ್ಟಿ, ಮಕ್ಕಳಿಗೆ ತಂದ ಆಟಿಕೆ ಎಲ್ಲವನ್ನೂ ಬರೆದು ಕೂಡಿಸಿದಳು. 4,640 ಆಗಿತ್ತು.

“ಮುನ್ನೂರ ಅರವತ್ತು ಉಳದಾವ ಅತ್ತಿ. ಏನು ಮಾಡೂಣ್ರಿ?” ಎಂದು ಕೇಳಿದಳು.

ಮುದುಕಿ ವಿಭೂತಿಯ ಗಟ್ಟಿಯನ್ನು ಜಗುಲಿಯ ಮೇಲೆ ಇಡುತ್ತಿದ್ದಳು. ತಿರುಗಿ ನೋಡದೆ, “ಬಾಜೂ ಮನೀ ಗೌರವ್ವಗ ಮಲ್ಲಯ್ಯನ್ನ ನೋಡಬೇಕಂತ ಭಾಳ ಆಸೆ ಅದ. ಆಕೀ ಹೆಸರ್‌ಲೇ ಇಡು” ಎಂದಳು.